ಫೈಲಿನ ಒಳಜೇಬು

ಮನುಷ್ಯರಲ್ಲಿ ಎರಡೇ ಬಗೆ ಎಂದು ನನ್ನ ಬಹುದಿನದ ನಂಬಿಕೆ. ವಸ್ತುವಿನ ಹೊರಗೆ ಬರೆಯುವವರು ಒಂದು ಬಗೆ, ಒಳಗೆ ಬರೆಯುವವರು ಇನ್ನೊಂದು. ನನ್ನ ಹೆಂಡತಿ ವಾಣಿ ಮೊದಲನೆಯ ಪಂಗಡದವಳು. ಜಪಾನಿನ ಫುನಾಬೊರಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬದ ಮೇಲೂ 'ಉಪ್ಪು' ಎಂದು ಚೀಟಿ ಅಂಟಿಸಿದೆ. ಡಬ್ಬ ಗಾಜಿನದು, ಒಳಗಿರುವುದು ಉಪ್ಪೆಂದು ಎದುರು ಮನೆಯವರಿಗೂ ಕಾಣುತ್ತದೆ. ಈ ಚೀಟಿ ಯಾಕೆ ಎಂದು ಕೇಳಿದರೆ, "ಸಕ್ಕರೇನೂ ಬೆಳ್ಳಗೇ ಇರತ್ತಲ್ಲ. ನೀವು ಒಂದ್ಸಲ ಕಾಫಿಗೆ ಉಪ್ಪು ಹಾಕಿದ್ದು ಮರೆತ್ರಾ?" ಎನ್ನುತ್ತಾಳೆ. ಹತ್ತು ವರ್ಷದ ಹಿಂದಿನ ಮಾತು. ನಾನು ಮರೆತಿದ್ದೆ, ಚೀಟಿ ಮರೆತಿರಲಿಲ್ಲ.

ನಾನು ಎರಡನೆಯ ಪಂಗಡದವನು. ಮೈಸೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ನೋಟುಬುಕ್ಕಿಗೆ ಹಾಕಿದ ಬ್ರೌನ್ ಪೇಪರಿನ ಒಳಮೈಯಲ್ಲಿ ಮೇಷ್ಟ್ರುಗಳ ಬಗ್ಗೆ ನನ್ನ ಅಭಿಪ್ರಾಯಗಳನ್ನು ಬರೆದಿಡುತ್ತಿದ್ದೆ. ಹೊರಗೆ ಹೆಸರು, ತರಗತಿ, ವಿಷಯ. ಒಳಗೆ ಸತ್ಯ. ಒಂದು ದಿನ ವಿಜ್ಞಾನದ ಮೇಷ್ಟ್ರು ನೋಟುಬುಕ್ಕು ತಿದ್ದುವಾಗ ಹೊದಿಕೆ ಕಳಚಿಬಿತ್ತು. ತಮ್ಮ ಮೂಗಿನ ಬಗ್ಗೆ ಎರಡು ಸಾಲನ್ನು ಅವರು ಸಾವಧಾನವಾಗಿ ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೆ ನಿಂತರೆ ಚಟ ಬಿಡುವುದಾದರೆ ನಮ್ಮ ತರಗತಿಯಲ್ಲಿ ಯಾರಿಗೂ ಚಟವೇ ಇರುತ್ತಿರಲಿಲ್ಲ.

ಕಂಪ್ಯೂಟರಿನ ಕೆಲಸಕ್ಕೆ ಬಂದ ಮೇಲೆ ಈ ಚಟಕ್ಕೆ ಹೇಳಿ ಮಾಡಿಸಿದಂಥ ಜಾಗ ಸಿಕ್ಕಿತು. ಸರಳವಾಗಿಯೇ ಹೇಳುತ್ತೇನೆ, ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿರುವ ಒಂದು ಫೈಲನ್ನು ಒಂದು ಅಂಗಿ ಎಂದುಕೊಳ್ಳಿ. ಅದರ ಹೆಸರು ದೋಬಿ ಕಾಲರಿನಲ್ಲಿ ಶಾಯಿಯಿಂದ ಹಾಕುವ ಗುರುತಿದ್ದ ಹಾಗೆ. ಅಂಗಿಯ ಅಳತೆ ಏನು, ಹೊಲಿದದ್ದು ಯಾವತ್ತು, ಯಾರು ಯಾರು ಮುಟ್ಟಬಹುದು, ಇವನ್ನೆಲ್ಲ ಆಪರೇಟಿಂಗ್ ಸಿಸ್ಟಮ್ ತಾನೇ ನೆನಪಿಟ್ಟುಕೊಳ್ಳುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ ಈ ಅಂಗಿಗೆ ಒಂದು ಒಳಜೇಬೂ ಇದೆ. ಅದರಲ್ಲಿ ನೀವು ನಿಮಗೆ ಬೇಕಾದ ಚೀಟಿ ಬರೆದು ಇಡಬಹುದು. ಇದನ್ನು ಯಾರು ಕೊಟ್ಟರು, ಯಾಕೆ ಇಟ್ಟುಕೊಂಡಿದ್ದೇನೆ, ಏನು ಬೇಕಾದರೂ. ಸಿಸ್ಟಮ್ ಅದನ್ನು ಓದುವುದಿಲ್ಲ, ಯಾಕಪ್ಪಾ ಎಂದು ಕೇಳುವುದೂ ಇಲ್ಲ. ಹೊರಗಿನಿಂದ ಅಂಗಿ ಉಬ್ಬಿದಂತೆ ಕಾಣುವುದಿಲ್ಲ, ಫೈಲು ತೆರೆದರೂ ಚೀಟಿ ಕಣ್ಣಿಗೆ ಬೀಳುವುದಿಲ್ಲ. ಕೇಳುವ ಕ್ರಮದಲ್ಲಿ ಕೇಳಿದವರಿಗೆ ಮಾತ್ರ ಜೇಬು ಬಿಚ್ಚಿ ತೋರಿಸುತ್ತದೆ. ಫೋಲ್ಡರಿಗೂ ಇಂಥದೇ ಜೇಬು ಉಂಟು, ಅಂದರೆ ಅಂಗಿಗೂ ಜೇಬು, ಅಂಗಿ ಇಡುವ ಬೀರುವಿಗೂ ಜೇಬು.

ಇದು ಗೊತ್ತಾದ ದಿನ ನನಗೆ ಆದ ಸಂತೋಷ ಹೇಳತೀರದು. ಬ್ರೌನ್ ಪೇಪರ್ ಮರಳಿ ಸಿಕ್ಕಿತ್ತು, ಅದೂ ಕಳಚಿ ಬೀಳದ ಬ್ರೌನ್ ಪೇಪರ್. ನನ್ನ ಪಾಸ್‌ಪೋರ್ಟಿನ ಸ್ಕ್ಯಾನಿನ ಜೇಬಿನಲ್ಲಿ, 'ಪೊಲೀಸರು ಹಿಡಿದುಕೊಂಡು ಬಂದ ಹಾಗೆ ಇದ್ದೇನೆ, ಆದಷ್ಟು ಯಾರಿಗೂ ಕಳಿಸಬಾರದು' ಎಂದು ಬರೆದೆ. ಬಾಡಿಗೆ ಕರಾರಿನ ಜೇಬಿನಲ್ಲಿ, 'ಹನ್ನೆರಡನೆಯ ಪುಟದಲ್ಲಿ ಅಡುಗೆಯ ಹೊಗೆಯ ಬಗ್ಗೆ ಏನೋ ಇದೆ, ಒಗ್ಗರಣೆ ನಿಲ್ಲುವ ಅಪಾಯ, ವಾಣಿಗೆ ಹೇಳಬಾರದು' ಎಂದು ಬರೆದೆ. ನಮ್ಮ ಮದುವೆಯ ಫೋಟೋಗಳಿರುವ ಫೋಲ್ಡರಿನ ಜೇಬಿನಲ್ಲಿ, 'ಮಾವನವರು ಎಲ್ಲ ಫೋಟೋದಲ್ಲೂ ಕಣ್ಣು ಮುಚ್ಚಿದ್ದಾರೆ. ನಿದ್ದೆಯೋ ದುಃಖವೋ ಕೇಳುವ ಧೈರ್ಯ ಬಂದಿಲ್ಲ' ಎಂದು ಬರೆದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಮೊರಿತಾ-ಸಾನ್ ವಾಣಿಯ ಪಂಗಡದವರು. ಅವರಿಗೆ ಫೈಲಿನ ಬಗ್ಗೆ ಏನೇನು ಗೊತ್ತೋ ಅಷ್ಟನ್ನೂ ಫೈಲಿನ ಹೆಸರಿನಲ್ಲೇ ಹಾಕುತ್ತಾರೆ, ಒಂದೊಂದಕ್ಕೂ ಚೌಕದ ಆವರಣ ಕಟ್ಟಿ. ಹೊಸದು, ಪರಿಶೀಲನೆ ಮುಗಿದದ್ದು, ವಿಭಾಗದ ಮುಖ್ಯಸ್ಥರು ನೋಡಿದ್ದು, ಅಂತಿಮ, ನಿಜವಾದ ಅಂತಿಮ. ಫುನಾಬೊರಿಯಲ್ಲಿ ಟ್ರೈನು ಹತ್ತಿ ಅವರ ಒಂದು ಫೈಲಿನ ಹೆಸರು ಓದಲು ಕುಳಿತರೆ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ದೂರದ ಶಿಂಜುಕು ಬರುತ್ತದೆ. ನಾನು ಒಂದು ದಿನ ಅವರನ್ನು ಕೂರಿಸಿಕೊಂಡು ಒಳಜೇಬಿನ ಮಹಿಮೆಯ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ಕೊನೆಯವರೆಗೂ ಕೇಳಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ತಲೆ ಓರೆ ಮಾಡಿ, "ಬಹಳ ಸ್ವಾರಸ್ಯವಾಗಿದೆ. ಅಂದಹಾಗೆ, ಮನೆ ಬದಲಾಯಿಸುವಾಗ ಈ ಜೇಬು ಜೊತೆಗೆ ಬರುತ್ತದೆಯೇ?" ಎಂದರು. ಜಪಾನಿನಲ್ಲಿ ಯಾರಾದರೂ ತಲೆ ಓರೆ ಮಾಡಿ 'ಸ್ವಾರಸ್ಯವಾಗಿದೆ' ಎಂದರೆ ಎಲ್ಲೋ ಏನೋ ಸೀದುಹೋಗುತ್ತಿದೆ ಎಂದು ಅರ್ಥ. ಇಲ್ಲಿಗೆ ಬಂದು ಎಂಟು ವರ್ಷವಾದರೂ ನಾನು ಅದನ್ನು ಹೊಗಳಿಕೆ ಎಂದೇ ಎಣಿಸಿ ಉಬ್ಬುತ್ತೇನೆ. ಆ ದಿನವೂ ಉಬ್ಬಿದೆ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಇಂಚರ ಹುಟ್ಟಿದ್ದು ಇಲ್ಲೇ. ವಾಣಿಯೂ ಕೆಲಸಕ್ಕೆ ಹೋಗುವವಳಾದ್ದರಿಂದ ಮಗುವಿಗೆ ಒಂದು ವರ್ಷ ತುಂಬಿದ ಕೂಡಲೇ ಸ್ಟೇಷನ್ನಿನ ಹಿಂದಿನ ಶಿಶುವಿಹಾರಕ್ಕೆ ಸೇರಿಸಿದೆವು. ಇಲ್ಲಿನ ಶಿಶುವಿಹಾರಗಳಲ್ಲಿ ರೆನ್‌ರಾಕುಚೋ ಎಂದು ಒಂದು ಪುಸ್ತಕ ಇರುತ್ತದೆ, ಮನೆಗೂ ಶಾಲೆಗೂ ದಿನವೂ ಓಡಾಡುವ ಪುಸ್ತಕ. ಬೇರೆ ಕಡೆ ಅದು ಫೋನಿನೊಳಗೆ ಹೋಗಿದೆಯಂತೆ, ನಮ್ಮದು ಇನ್ನೂ ಕಾಗದದಲ್ಲೇ ಉಳಿದಿತ್ತು. ಬೆಳಿಗ್ಗೆ ಮನೆಯವರು ಮಗುವಿನ ಮೈಶಾಖ ಎಷ್ಟು, ರಾತ್ರಿ ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಹೊಟ್ಟೆ ಹೇಗಿದೆ, ಮನೆಯಲ್ಲಿ ಏನು ವಿಶೇಷ ಎಂದು ತುಂಬಿ ಕಳಿಸಬೇಕು. ಸಂಜೆ ಟೀಚರು ಅಲ್ಲಿನ ಸಮಾಚಾರ ಬರೆದು ಹಿಂದಕ್ಕೆ ಕಳಿಸುತ್ತಾರೆ. ಐದು ವರ್ಷ, ದಿನವೂ, ಕುಕ್ಕರಿನ ಎರಡನೆಯ ಕೂಗಿಗೂ ಮೂರನೆಯ ಕೂಗಿಗೂ ನಡುವೆ ಅಡುಗೆಕಟ್ಟೆಯ ಮೇಲೆ ಪುಸ್ತಕ ಇಟ್ಟು, ನಿಂತುಕೊಂಡೇ, ತನಗೆ ಬಂದ ಜಪಾನಿಯಲ್ಲಿ ವಾಣಿ ಅದನ್ನು ತುಂಬುತ್ತಿದ್ದಳು. ನಾನು ಹಲ್ಲುಜ್ಜುತ್ತಾ, "ಇವತ್ತಿನ ಮಲದ ವರದಿ ಆಯ್ತಾ? ಇತಿಹಾಸಕಾರರು ಕಾಯ್ತಿದಾರೆ" ಎಂದು ತಮಾಷೆ ಮಾಡುತ್ತಿದ್ದೆ. ಒಂದು ದಿನ ಅವಳು ಪೆನ್ನನ್ನು ನನ್ನ ಮುಂದೆ ಹಿಡಿದು, "ಬನ್ನಿ, ನೀವೇ ಬರೀರಿ" ಎಂದಳು. ನಾನು ಬಾಯಿ ತುಂಬ ನೊರೆ ಇರುವವನಂತೆ ಬಚ್ಚಲಿಗೆ ಹೋದೆ.

ಹಾಗೆಂದು ನಾನೇನು ಕೈಕಟ್ಟಿ ಕುಳಿತವನಲ್ಲ. ಇಂಚರ ಮಾತು ಕಲಿತದ್ದೇ ತಡ ಮೂರು ಭಾಷೆಗಳನ್ನು ಚಿತ್ರಾನ್ನದಂತೆ ಕಲಸಿ, ಕೇಳಿದವರು ನಕ್ಕು ಕೆಳಗೆ ಬೀಳುವಂಥ ಮಾತುಗಳನ್ನು ಆಡತೊಡಗಿದಳು. ಅವುಗಳನ್ನು ಕಾಪಾಡುವ ಹೊಣೆ ನನ್ನದು ಎಂದು ಮೊದಲ ದಿನವೇ ಘೋಷಿಸಿದ್ದೆ. ಅವಳು ಒಂದು ಮಾತು ಆಡಿದರೆ ಆ ವಾರದ ಒಂದು ಫೋಟೋ ಹುಡುಕಿ ಅದರ ಒಳಜೇಬಿನಲ್ಲಿ ಆ ಮಾತನ್ನು ಬರೆದಿಡುತ್ತಿದ್ದೆ. ಫೋಟೋ ಇದ್ದಲ್ಲಿ ಮಾತು ಇರುತ್ತದೆ, ಬೇರೆ ಪುಸ್ತಕ ಬೇಡ, ಧೂಳು ಬೇಡ. ಎಷ್ಟು ಬರೆದೆನೋ ಲೆಕ್ಕವಿಲ್ಲ. ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಒಂದೊಂದನ್ನೂ ನಿಶ್ಚಿಂತೆಯಿಂದ ಮರೆಯುತ್ತಾ ಬಂದೆ.

ಈ ವರ್ಷ ಇಂಚರಳ ಶಿಶುವಿಹಾರ ಮುಗಿಯುವ ವರ್ಷ. ಫೆಬ್ರವರಿಯ ಒಂದು ಶನಿವಾರ ವಾಣಿ ಪೋಷಕರ ಸಭೆಯಿಂದ ಬಂದವಳೇ ಚೀಲ ಕೆಳಗಿಡುವ ಮುಂಚೆ ಹೇಳಿದಳು: "ಬೀಳ್ಕೊಡುಗೆಯ ದಿನ ಈ ಸಲ ಅಪ್ಪಂದಿರೇ ಮಾತಾಡ್ಬೇಕಂತೆ. ವರ್ಷಕ್ಕೊಂದು ಫೋಟೋ, ಆ ವರ್ಷ ಮಗು ಹೇಳಿದ ಒಂದು ಮಾತು. ಐದು ಫೋಟೋ, ಐದು ಮಾತು. ಬರೋ ಶುಕ್ರವಾರ ಪೆನ್‌ಡ್ರೈವ್ ಕೊಡ್ಬೇಕು. ಐದು ವರ್ಷಕ್ಕೆ ಇದೊಂದೇ ಕೆಲಸ ಕೊಡ್ತಿರೋದು ನಿಮಗೆ."

"ಐದು ಮಾತಾ? ಐನೂರು ಕೊಡ್ತೀನಿ ತಗೋ" ಎಂದೆ.

ಇಂಚರ ಓಡಿ ಬಂದು ನನ್ನ ಮಂಡಿ ಹಿಡಿದುಕೊಂಡಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಮೂರೂ ಭಾಷೆ ಕಲಸಿಕೊಂಡು. "ಅಪ್ಪಾ, ಹರುತೋ-ಕುನ್ ಪಾಪಾ ಈಸ್ ಸೋ ಫನ್ನಿ. ಎಲ್ಲಾರೂ ನಗ್ತಾರೆ. ಯೂ ಆಲ್ಸೋ, ಓಕೆ? ಜೆತ್ತಾಯಿ!" ಎಂದಳು. ಜೆತ್ತಾಯಿ ಎಂದರೆ ತಪ್ಪಲೇಬಾರದು ಎಂದು. ಹರುತೋನ ಅಪ್ಪ ಸಂಜೆ ಮಗನನ್ನು ಕರೆದೊಯ್ಯಲು ಬಂದಾಗ ಕಿವಿ ಅಲ್ಲಾಡಿಸಿ ತೋರಿಸುವ ಮನುಷ್ಯ. ಅವರನ್ನು ಸೋಲಿಸಬೇಕಾದರೆ ನನ್ನಲ್ಲಿದ್ದದ್ದು ಆ ಚೀಟಿಗಳು ಮಾತ್ರ.

ಮರುದಿನ ತಿಂಡಿ ಮುಗಿಸಿ, ಲ್ಯಾಪ್‌ಟಾಪ್ ತೆರೆದು, ಮೊದಲ ಫೋಟೋದ ಜೇಬಿಗೆ ಕೈ ಹಾಕಿದೆ. ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಐವತ್ತು ಫೋಟೋ ನೋಡಿದೆ, ಆಮೇಲೆ ನೂರು ನೋಡಿದೆ. ಎಲ್ಲ ಫೋಟೋಗಳಲ್ಲೂ ಮಗಳು ನಗುತ್ತಿದ್ದಳು, ಒಂದರಲ್ಲೂ ಮಾತಿರಲಿಲ್ಲ. ಮದುವೆಯ ಫೋಲ್ಡರಿನಲ್ಲಿ ಮಾವನವರು ಕಣ್ಣು ಮುಚ್ಚಿಕೊಂಡೇ ಇದ್ದರು, ಜೇಬು ಮಾತ್ರ ಖಾಲಿ. ಕ್ಲೌಡಿನಲ್ಲಿ ಇಟ್ಟ ಪ್ರತಿಗಳನ್ನು ಇಳಿಸಿ ನೋಡಿದೆ, ಅಲ್ಲಿಗೆ ಹೋದದ್ದು ಬರೀ ಚಿತ್ರಗಳು. ಹಳೆಯ ಲ್ಯಾಪ್‌ಟಾಪ್ ಹೋದ ವರ್ಷ ಕೆಡತೊಡಗಿತ್ತು. ಅದನ್ನು ಅಂಗಡಿಗೆ ಹಿಂದಕ್ಕೆ ಕೊಡುವ ಮುಂಚೆ ಯಾರೂ ಏನೂ ಕದಿಯದಂತೆ ನಾನೇ ಮೂರು ಸಲ ಅಳಿಸಿ ಕೊಟ್ಟಿದ್ದೆ. ಒಂದು ಸಲ ಅಳಿಸಿದರೆ ಸಾಕಾಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ನೇರವಾಗಿ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅಳು ಬಂತು. ಐದು ವರ್ಷ ನನ್ನ ಮಗಳು ಏನು ಮಾತಾಡಿದಳು ಎಂದು ನನಗೆ ಗೊತ್ತಿರಲಿಲ್ಲ. ಒಂದು ಮಾತಾದರೂ ನೆನಪಾಗಲಿ ಎಂದು ಕಣ್ಣು ಮುಚ್ಚಿ ಕುಳಿತೆ. ವಾಣಿ ಬಂದು, "ಏನು, ನಮ್ಮಪ್ಪನ ಹಾಗೆ ಕೂತಿದೀರಿ?" ಎಂದಳು. ನಮ್ಮ ಮಾವನವರ ವಿಷಯ ಅವಳಿಗೂ ಗೊತ್ತಿದೆ ಎಂದು ನನಗೆ ತಿಳಿದದ್ದು ಆಗಲೇ.

ಸೋಮವಾರ ಊಟದ ಹೊತ್ತಿನಲ್ಲಿ ಮೊರಿತಾ-ಸಾನ್ ಹತ್ತಿರ ನನ್ನ ಗೋಳು ತೋಡಿಕೊಂಡೆ. ಅವರು ಬೆಂತೋ ಡಬ್ಬದ ಮುಚ್ಚಳ ಮುಚ್ಚಿ, ವೈದ್ಯರ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹೇಗೆ ಸಾಗಿಸಿದಿರಿ? ಪೆನ್‌ಡ್ರೈವಿನಲ್ಲಿ. ಆ ಪೆನ್‌ಡ್ರೈವ್ ಹಳೆಯ ಪದ್ಧತಿಯದೇ, ಎಲ್ಲ ಕಂಪ್ಯೂಟರಿಗೂ ಟೀವಿಗೂ ಹೊಂದುವಂಥದ್ದು? ಹೌದು.

"ಅಂಥದರಲ್ಲಿ ಫೈಲಿಗೆ ಒಳಜೇಬು ಇರುವುದಿಲ್ಲ" ಎಂದರು ಅವರು. "ಆದರೆ ನಿಮ್ಮ ಕಂಪ್ಯೂಟರು ಬಹಳ ಜಾಣತನದ್ದು. ಜೇಬು ಇಲ್ಲದ ಕಡೆಗೆ ಹೋಗುವಾಗ ಅದು ಜೇಬಿನಲ್ಲಿದ್ದದ್ದನ್ನು ತೆಗೆದು, ಒಂದು ಚಿಕ್ಕ ಫೈಲಿನಲ್ಲಿ ಗಂಟು ಕಟ್ಟಿ, ಪಕ್ಕದಲ್ಲೇ ಇಟ್ಟುಕೊಂಡು ಹೋಗುತ್ತದೆ. ಹೊಸ ಮನೆಗೆ ಹೋದ ಮೇಲೆ ಗಂಟು ಬಿಚ್ಚಿ ಮತ್ತೆ ಜೇಬಿಗೆ ಹಾಕುತ್ತದೆ. ಆ ಗಂಟಿನ ಹೆಸರಿನ ಮೊದಲಲ್ಲಿ ಒಂದು ಚುಕ್ಕಿ, ಆಮೇಲೆ ಒಂದು ಅಡಿಗೆರೆ ಇರುತ್ತದೆ." ಆಮೇಲೆ ಕ್ಷಮೆ ಕೇಳುವವರಂತೆ, ಬಹಳ ಮೆಲ್ಲಗೆ, "ಸುಮಿಮಾಸೆನ್, ನೀವು ಅವನ್ನು ಬಿಸಾಡಲಿಲ್ಲ ತಾನೇ?" ಎಂದರು.

ನನ್ನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು. ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಜಪಾನಿಗೆ ಬಂದ ಮೊದಲ ವರ್ಷ ನಾವು ಇಟ್ಟ ಒಂದು ಕಸದ ಚೀಲವನ್ನು ಕಸದವರು ಒಯ್ಯದೆ, ಅದರ ಮೇಲೆ 'ವಿಂಗಡಣೆ ತಪ್ಪು' ಎಂಬ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗಿದ್ದರು. ಇಡೀ ಬೀದಿಯವರು ನೋಡುವಂತೆ ಅದು ದಿನವೆಲ್ಲ ಕುಳಿತಿತ್ತು. ಎರಡನೆಯ ಮಹಡಿಯ ಅಜ್ಜಿ ಆ ಚೀಲಕ್ಕೂ ನಮಸ್ಕಾರ ಮಾಡಿ ದಾಟಿಹೋದರೆಂದು ವಾಣಿ ಈಗಲೂ ಹೇಳುತ್ತಾಳೆ. ಆ ಅವಮಾನದ ನಂತರ ನಾನು ಕಸದ ವಿಷಯದಲ್ಲಿ ಜಪಾನಿಯರಿಗಿಂತ ಜಪಾನಿಯಾದೆ. ಸುಡುವ ಕಸ ಬೇರೆ, ಸುಡದ ಕಸ ಬೇರೆ, ಬಾಟಲಿಯ ಮುಚ್ಚಳ ಬೇರೆ, ಮೈಮೇಲಿನ ಪ್ಲಾಸ್ಟಿಕ್ ಬೇರೆ, ಬಾಟಲಿ ತೊಳೆದು ಬೇರೆ. ಬೇಡದ ವಸ್ತು ಕಂಡರೆ ಸಾಕು, ವಿಂಗಡಿಸಿ ಬಿಸಾಡಲು ಕೈ ತುರಿಸುತ್ತದೆ. ಹೋದ ವರ್ಷ ಹೊಸ ಲ್ಯಾಪ್‌ಟಾಪಿಗೆ ಫೋಟೋ ಸಾಗಿಸುವ ಮಧ್ಯೆ ಉರಯಾಸುವಿನ ಸ್ನೇಹಿತರು ಮನೆಗೆ ಬಂದಿದ್ದರು. ಅವರಿಗೆ ತೋರಿಸೋಣವೆಂದು ಅದೇ ಪೆನ್‌ಡ್ರೈವನ್ನು ಟೀವಿಗೆ ಹಾಕಿದರೆ, ಒಂದೊಂದು ಫೋಟೋದ ಪಕ್ಕದಲ್ಲೂ ಅದೇ ಹೆಸರಿನ, ತೆರೆಯಲು ಬಾರದ ಒಂದು ಅವಳಿ. ಹೆಸರಿನ ಮುಂದೆ ಚುಕ್ಕಿ, ಅಡಿಗೆರೆ. "ಯಾರು ಈ ಕಸ ಹಾಕಿದ್ದು?" ಎಂದು ಸಿಡುಕಿ, ಸ್ನೇಹಿತರ ಎದುರಿಗೇ, ಅದನ್ನು ಮತ್ತೆ ಲ್ಯಾಪ್‌ಟಾಪಿಗೆ ಚುಚ್ಚಿ, ಒಂದೇ ಸಾಲಿನ ಆಜ್ಞೆ ಬರೆದು ಅಷ್ಟನ್ನೂ ಒಮ್ಮೆಗೇ ಗುಡಿಸಿ ಹಾಕಿದ್ದೆ. ಸ್ನೇಹಿತರು "ವ್ಹಾ" ಎಂದಿದ್ದರು.

"ಬಿಸಾಡಿದೆ" ಎಂದೆ.

ಮೊರಿತಾ-ಸಾನ್ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಈ ಸಲ ತಲೆ ಓರೆ ಮಾಡಲಿಲ್ಲ, ಸ್ವಾರಸ್ಯವಾಗಿದೆ ಎಂದೂ ಹೇಳಲಿಲ್ಲ. ತಮ್ಮ ಬೆಂತೋದಲ್ಲಿದ್ದ ಸಿಹಿ ಮೊಟ್ಟೆಯ ಪಲ್ಯವನ್ನು ನನ್ನ ಕಡೆ ಸರಿಸಿದರು. ನಾನು ಮೊಟ್ಟೆ ತಿನ್ನುವುದಿಲ್ಲವೆಂದು ನೆನಪಾಗಿ ಮತ್ತೆ ಹಿಂದಕ್ಕೆ ಸರಿಸಿಕೊಂಡರು.

ವಾಣಿಗೆ ನಿಜ ಹೇಳುವ ಬದಲು ನಾನು ಐದು ಮಾತುಗಳನ್ನು ಸೃಷ್ಟಿಸಲು ಕುಳಿತೆ. ಮಕ್ಕಳು ಏನು ಮಾತಾಡುತ್ತವೆ ಎಂದು ನನಗೆ ಗೊತ್ತಿಲ್ಲವೇ? ಬುಧವಾರ ಸಂಜೆ ಹಾಳೆ ಹಿಡಿದು ವಾಣಿಯ ಮುಂದೆ ನಿಂತೆ. ಎರಡನೆಯ ವರ್ಷ: 'ಅಪ್ಪಾ, ಚಂದ್ರ ಯಾಕೆ ನಮ್ಮ ಜೊತೆ ಟ್ರೈನಿನಲ್ಲಿ ಬರ್ತಾನೆ?' ಅವಳು ಹೀರೇಕಾಯಿ ಹೆರೆಯುತ್ತಾ, "ಇದು ಎಲ್ಲಾ ಗ್ರೂಪಲ್ಲೂ ಫಾರ್ವರ್ಡ್ ಬರೋ ಮಗುವಿನ ಮಾತು" ಎಂದಳು. ಮೂರನೆಯ ವರ್ಷ: 'ಮರಗಳಿಗೂ ನೋವಾಗುತ್ತದೆಯಲ್ಲವೇ?' "ಇದು ಭಾಷಣ." ನಾಲ್ಕನೆಯ ವರ್ಷ: 'ನಮ್ಮಪ್ಪನೇ ನನ್ನ ಹೀರೋ.' ವಾಣಿ ಹೀರೇಕಾಯಿ ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ರೀ, ಇದ್ಯಾವ್ದೂ ಇಂಚರ ಹೇಳಿದ್ದಲ್ಲ. ನಮ್ಮ ಮಗು ಇಷ್ಟು ಬೋರ್ ಹೊಡ್ಸಲ್ಲ."

ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದ ಇಂಚರಳನ್ನು ಸಾಕ್ಷಿಗೆ ಕರೆದೆ. "ಪುಟ್ಟಾ, ಇದು ನೀನೇ ಹೇಳಿದ್ದು ಅಲ್ವಾ?"

ಅವಳು ತಲೆ ಎತ್ತದೆ, "ಉಸೊ" ಎಂದಳು. ಸುಳ್ಳು ಎಂದು. ಆಮೇಲೆ ತಲೆ ಎತ್ತಿ, "ಅಪ್ಪಾ, ನಾನು ಏನು ಹೇಳ್ದೆ ಯೂ ಡೋಂಟ್ ನೋ?" ಎಂದು ಕೇಳಿದಳು. ಕೋಪವಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಅದನ್ನು ಕೇಳಿದ ಮೇಲೆ ನನಗೆ ಸುಳ್ಳು ಹೇಳುವ ಶಕ್ತಿ ಉಳಿಯಲಿಲ್ಲ. ಚುಕ್ಕಿ, ಅಡಿಗೆರೆ, ಟೀವಿ, ಗಂಟು, ಕಸ, ಎಲ್ಲವನ್ನೂ ಹೇಳಿಬಿಟ್ಟೆ.

ವಾಣಿ ಕೈ ಒರೆಸಿಕೊಂಡು ಒಳಗೆ ಹೋಗಿ, ಹಾಸಿಗೆಗಳನ್ನು ತುರುಕುವ ಗೋಡೆಬೀರುವಿನ ಬಾಗಿಲು ಸರಿಸಿ, ಹಿಂದಿನಿಂದ ಒಂದು ತಗಡಿನ ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದಿಟ್ಟಳು. ಡಬ್ಬದ ಮೇಲೆ, ಅಭ್ಯಾಸದಂತೆ, ಚೀಟಿ: 'ಇಂಚರ. ರೆನ್‌ರಾಕುಚೋ. ಒಂದರಿಂದ ಹನ್ನೊಂದು. ಇವರು ಕೇಳೋ ತನಕ ಇಲ್ಲೇ ಇರಲಿ.'

ಮೊದಲ ಪುಸ್ತಕ ತೆಗೆದೆ. ವಾಣಿಯ ಜಪಾನಿ ಅಕ್ಷರಗಳು ಒಂದನೇ ತರಗತಿಯ ಮಗುವಿನವು, ನನಗೇ ಓದಲು ಬರುವಂಥವು. 'ಮೈಶಾಖ ಮೂವತ್ತಾರು ಪಾಯಿಂಟ್ ಎಂಟು. ರಾತ್ರಿ ಮೊಸರನ್ನ. ಹೊಟ್ಟೆ ಸರಿ. ಮನೆಯಲ್ಲಿ: ಅಜ್ಜಿಯ ವಿಡಿಯೋ ಕಾಲ್ ನಿಂತುಹೋಯಿತು. ಇಂಚರ ಫೋನು ಮುಟ್ಟಿ, ಅಜ್ಜಿಗೆ ಚಾರ್ಜ್ ಹಾಕಿ ಎಂದು ಅತ್ತಳು.' ಕೆಳಗೆ ನಕಾನೋ ಸೆನ್ಸೇ, ಅಂದರೆ ಅವಳ ಟೀಚರು, ಬರೆದಿದ್ದರು: 'ಅಜ್ಜಿಯವರು ಈಗ ಪೂರ್ತಿ ಚಾರ್ಜ್ ಆಗಿದ್ದಾರೆಯೇ?' ಮುಂದಿನ ಪುಸ್ತಕ: 'ಗಣೇಶನ ಹಬ್ಬ. ದೇವರ ಮುಂದಿನ ಕಡುಬು ತೆಗೆಯುವಾಗ ನಡು ಬಗ್ಗಿಸಿ, ಅಡ್ಡಿಪಡಿಸುತ್ತಿದ್ದೇನೆ ಕ್ಷಮಿಸಿ ಎಂದಳು. ಎರಡು ಸಲ ಅಡ್ಡಿಪಡಿಸಿದಳು.' ಇನ್ನೊಂದು ಕಡೆ: 'ಬೆಳಿಗ್ಗೆ ಅಪ್ಪ ಉಪ್ಪಿಟ್ಟು ಮಾಡಿದರು. ತಟ್ಟೆ ನೋಡಿ, ಅಪ್ಪಾ ಇದು ಸುಡುವ ಕಸವಾ ಸುಡದ ಕಸವಾ ಎಂದು ಕೇಳಿದಳು.'

ನನ್ನ ಜೇಬುಗಳಲ್ಲಿದ್ದ ಅಷ್ಟೂ ಮಾತು ಇಲ್ಲಿರಲಿಲ್ಲ. ಭಾನುವಾರಗಳ ಮಾತುಗಳು, ನಾವಿಬ್ಬರೇ ಅರಕಾವಾ ನದಿಯ ದಂಡೆಗೆ ಸೈಕಲ್ಲಿನಲ್ಲಿ ಹೋದಾಗ ಅವಳು ಹಿಂದೆ ಕುಳಿತು ಆಡಿದ ಮಾತುಗಳು, ಅವು ಹೋದವು, ಇನ್ನು ಬರುವುದಿಲ್ಲ. ಆದರೆ ಐದಕ್ಕೆ ಐವತ್ತು ಸಿಕ್ಕವು. ಹುಡುಕುತ್ತಾ ಹೋದಂತೆ ಇನ್ನೊಂದು ವಸ್ತುವೂ ಸಿಕ್ಕಿತು, ನಾನು ಹುಡುಕದೆ ಇದ್ದದ್ದು. ಅದು ನಾನೇ.

'ಅಪ್ಪನಿಗೆ ಸೊಂಟ ಹಿಡಿದಿದೆ. ಸಂಜೆ ಇಂಚರ ಎತ್ತಿಕೋ ಎಂದರೆ ದಯವಿಟ್ಟು ತಡೆಯಿರಿ.' 'ಅಪ್ಪನಿಗೆ ಎರಡು ದಿನದಿಂದ ನೆಗಡಿ. ಮಗುವಿಗಿಂತ ಜಾಸ್ತಿ ಅಳುತ್ತಾರೆ.' 'ನಿನ್ನೆ ಅಪ್ಪನಿಗೆ ಕಚೇರಿಯಲ್ಲಿ ಏನೋ ಬೇಜಾರಾಗಿದೆ, ನನ್ನ ಹತ್ತಿರ ಹೇಳುತ್ತಿಲ್ಲ. ಇಂದು ಕರೆದುಕೊಂಡು ಹೋಗಲು ಅವರೇ ಬರುತ್ತಾರೆ. ಸ್ವಲ್ಪ ನೋಡಿಕೊಳ್ಳಿ.' ಅದರ ಕೆಳಗೆ ಸೆನ್ಸೇಯ ಉತ್ತರ: 'ಇಂಚರ-ಚಾನ್ ಊಟ ಪೂರ್ತಿ ಮಾಡಿದಳು. ಸಂಜೆ ತಂದೆಯವರನ್ನು ಗಮನಿಸಿದೆವು. ಸ್ವಲ್ಪ ಮಂಕಾಗಿದ್ದರು. ಬಾರ್ಲಿ ಚಹಾ ಕುಡಿಸಿ ಕಳಿಸಿದ್ದೇವೆ.'

ಆ ಚಹಾ ನನಗೆ ನೆನಪಿತ್ತು. ಆ ಸಂಜೆ ಬಾಗಿಲಲ್ಲಿ ನಿಂತಿದ್ದ ನನಗೆ ನಕಾನೋ ಸೆನ್ಸೇ, ಮಕ್ಕಳು ಕುಡಿಯುವ ಎರಡು ಕಿವಿಯ ಲೋಟದಲ್ಲಿ, ಚಹಾ ತಂದು ಕೊಟ್ಟು, ಪೂರ್ತಿ ಕುಡಿಯುವ ತನಕ ಎದುರಿಗೇ ನಿಂತಿದ್ದರು. ಇದು ಜಪಾನಿಯರ ಅತಿಥಿ ಸತ್ಕಾರ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನನ್ನು ಕಂಡಾಗಲೆಲ್ಲ ಅಲ್ಲಿನ ಅಡುಗೆಯವರು ಸೇರಿದಂತೆ ಎಲ್ಲರೂ "ಸೊಂಟ ಹೇಗಿದೆ?" ಎಂದು ಯಾಕೆ ಕೇಳುತ್ತಿದ್ದರು ಎಂಬುದೂ ಈಗ ತಿಳಿಯಿತು. ಐದು ವರ್ಷ ನಾನು ಗುಟ್ಟಾಗಿ ಎಲ್ಲದರ ಬಗ್ಗೆ ಚೀಟಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಬಗ್ಗೆ ಬರೆದ ಚೀಟಿ ದಿನವೂ ಮಗಳ ಚೀಲದಲ್ಲಿ ಕುಳಿತು ಶಾಲೆಗೆ ಹೋಗಿ ಬರುತ್ತಿತ್ತು.

"ಇದನ್ನೆಲ್ಲ ಯಾಕೆ ಬರೆದೆ?" ಎಂದು ಕೇಳಿದೆ.

"ಮನೆಯಲ್ಲಿ ಏನು ವಿಶೇಷ ಅಂತ ಕಾಲಮ್ ಇತ್ತು" ಎಂದಳು ವಾಣಿ.

ಬೀಳ್ಕೊಡುಗೆಯ ದಿನ ಹರುತೋನ ಅಪ್ಪ ನನಗಿಂತ ಮೊದಲು ಮಾತಾಡಿದರು, ಕಿವಿಯನ್ನೂ ಅಲ್ಲಾಡಿಸಿದರು. ಸಭೆ ಚೆನ್ನಾಗಿಯೇ ನಕ್ಕಿತು. ನನ್ನ ಸರದಿ ಬಂದಾಗ ಹಾಳೆ ಹಿಡಿದು ಮುಂದೆ ಹೋದೆ. ಅಜ್ಜಿಗೆ ಚಾರ್ಜ್ ಹಾಕಿದೆ, ಗಣಪತಿಗೆ ಅಡ್ಡಿಪಡಿಸಿದೆ, ಜನ ಒಂದಿಷ್ಟು ಸಡಿಲಗೊಂಡರು. ಉಪ್ಪಿಟ್ಟಿನ ಫೋಟೋ ತೆರೆಯ ಮೇಲೆ ಬಂತು. 'ಅಪ್ಪಾ, ಇದು ಸುಡುವ ಕಸವಾ, ಸುಡದ ಕಸವಾ?' ಎಂದು ಓದಿದೆ. ಫುನಾಬೊರಿಯಲ್ಲಿ ಕಸ ವಿಂಗಡಿಸದ ಮನುಷ್ಯನಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು, ಶಿಶುವಿಹಾರದ ಮುಖ್ಯಸ್ಥೆ ಕುರ್ಚಿಯ ತೋಳು ಹಿಡಿದುಕೊಂಡರು, ಹರುತೋನ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಕ್ಕಳ ಸಾಲಿನಲ್ಲಿ ಕುಳಿತಿದ್ದ ಇಂಚರ ಪಕ್ಕದವಳಿಗೆ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿದಳು. ನನ್ನ ಪಾಪಾ ಎಂದಿರಬೇಕು.

ಮಾರ್ಚ್ ಕೊನೆಯ ದಿನ, ಶಿಶುವಿಹಾರದ ಕೊನೆಯ ಬೆಳಿಗ್ಗೆ, ಕುಕ್ಕರು ಎರಡನೆಯ ಸಲ ಕೂಗಿದಾಗ ವಾಣಿ ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದಳು. ಬಾಯಲ್ಲಿ ನೊರೆ ಇರಲಿಲ್ಲ. ನಿಂತುಕೊಂಡೇ ಬರೆದೆ. ಮೈಶಾಖ ಮೂವತ್ತಾರು ಪಾಯಿಂಟ್ ನಾಲ್ಕು. ಇಡ್ಲಿ ಮೂರು. ಹೊಟ್ಟೆ: ನೋಡಲಿಲ್ಲ, ಸುಮಿಮಾಸೆನ್. ಮನೆಯಲ್ಲಿ: 'ನಾನು ಬರೆಯುವುದನ್ನು ನೋಡಿ ಇಂಚರ, ಅಪ್ಪಾ ಹುಷಾರಾಗಿದ್ದೀಯಾ ಎಂದು ಕೇಳಿದಳು.' ಸಂಜೆ ಉತ್ತರ ಬಂತು: 'ಇಂಚರ-ಚಾನ್ ಎಲ್ಲರನ್ನೂ ಅಪ್ಪಿಕೊಂಡಳು. ತಂದೆಯವರ ಕೈಬರಹವನ್ನು ಐದು ವರ್ಷದಲ್ಲಿ ಮೊದಲ ಬಾರಿ ನೋಡಿದೆವು. ಎಲ್ಲ ಸಿಬ್ಬಂದಿಯೂ ಸೇರಿ ಓದಿದೆವು. ತಂದೆಯವರೂ ನಮ್ಮ ಶಿಶುವಿಹಾರವನ್ನು ಮುಗಿಸಿದ್ದಾರೆ. ಅಭಿನಂದನೆಗಳು. ಸೊಂಟ ನೋಡಿಕೊಳ್ಳಿ.'

ಅದರ ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿ, ಕೈ ತಡೆಯದೆ, ಒಳಜೇಬು ತೆರೆದು, 'ಅಸಲು ವಾಣಿಯ ಡಬ್ಬದಲ್ಲಿದೆ' ಎಂದು ಬರೆದೆ. ಬರೆದ ಮೇಲೆ ಜೇಬಿನ ಯೋಗ್ಯತೆ ನೆನಪಾಯಿತು. ಇದನ್ನು ಹೊರಗೂ ಬರೆದು ಲ್ಯಾಪ್‌ಟಾಪಿನ ಮುಚ್ಚಳಕ್ಕೇ ಅಂಟಿಸೋಣ, ನಾನೂ ಪಂಗಡ ಬದಲಾಯಿಸೋಣ ಎಂದು ಚೀಟಿ ಹುಡುಕಿದರೆ ಮನೆಯಲ್ಲಿ ಒಂದೂ ಇಲ್ಲ. ಇಂಚರಳ ಒಂದನೇ ತರಗತಿಯ ಲೆಕ್ಕದ ಕಡ್ಡಿಗಳ ಮೇಲೆ, ಇಲ್ಲಿನ ಶಾಲೆಯ ನಿಯಮದಂತೆ ಒಂದೊಂದು ಕಡ್ಡಿಯ ಮೇಲೂ, ಹೆಸರು ಅಂಟಿಸಿ ವಾಣಿ ಸುರುಳಿಯನ್ನೇ ಮುಗಿಸಿದ್ದಳು. ಅಡುಗೆಮನೆಯಲ್ಲೆಲ್ಲ ಕಣ್ಣಾಡಿಸಿದೆ. ಯಾವ ಪ್ರಯೋಜನಕ್ಕೂ ಬಾರದ ಒಂದೇ ಒಂದು ಚೀಟಿ ಇತ್ತು. ಡಬ್ಬ ಗಾಜಿನದು, ಒಳಗಿರುವುದು ಎದುರು ಮನೆಯವರಿಗೂ ಕಾಣುತ್ತದೆ. ಅದನ್ನು ಮೆಲ್ಲಗೆ ಕಿತ್ತು, ಅಕ್ಷರ ಹೊಡೆದುಹಾಕಿ, ಅದರ ಮೇಲೇ ಬರೆದು ಅಂಟಿಸಿದೆ.

ಮರುದಿನ ಬೆಳಿಗ್ಗೆ ವಾಣಿ ಕಾಫಿಯ ಮೊದಲ ಗುಟುಕಿಗೇ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಕಾಫಿ ಮಾಡಿದವನು ನಾನೇ.